ದೈವಸ್ಥಾನದ ಹಳೆಯ ಉರುಗಳು: ಹೊಳೆಗೋ, ದಿಲ್ಲಿಗೋ?

ಪ್ರಶ್ನೆ: ಮೇಡಂ, ಬ್ರಹ್ಮಾವರದ ಹತ್ತಿರ ನಮ್ಮ ಕುಟುಂಬದ ದೈವಸ್ಥಾನ ಇದೆ. ಪಂಜುರ್ಲಿ, ನಂದಿ, ಕುದುರೆ ಏರಿದ ಒಂದು ದೈವ, ಪರಿವಾರದ ಎರಡು, ಹೀಗೆ ಐದು ಉರುಗಳು, ಅಂದರೆ ದೈವಗಳ ಮರದ ಮೂರ್ತಿಗಳು. ಮುಂದಿನ ವರ್ಷ ಜೀರ್ಣೋದ್ಧಾರ. ಹೊಸ ಉರುಗಳಿಗೆ ಮರ ಕಡಿದೂ ಆಗಿದೆ. ಹಳೆಯದನ್ನು ಏನು ಮಾಡುವುದೆಂದು ಮನೆಯಲ್ಲಿ ಒಮ್ಮತ ಇಲ್ಲ. ದೊಡ್ಡಪ್ಪ ಹೊಳೆಗೆ ಬಿಡಬೇಕು ಅಂತಾರೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ಶಿರಿಯಾರದ ಮೆಕ್ಕೆಕಟ್ಟು ದೇವಸ್ಥಾನದ ಹಳೆಯ ಉರುಗಳಿರುವ ದಿಲ್ಲಿಯ ಮ್ಯೂಸಿಯಮ್ಮಿಗೆ ಕೊಡೋಣ ಅಂತಾನೆ. ಮೆಕ್ಕೆಕಟ್ಟಿನದ್ದನ್ನು ಮೋಸ ಮಾಡಿ ಒಯ್ದದ್ದು ಅಂತ ಊರಲ್ಲಿ ಹೇಳುವವರೂ ಉಂಟು. ಹಾಗಿದ್ದರೆ ಅವು ವಾಪಸ್ ಯಾಕೆ ಬರುವುದಿಲ್ಲ? ಈ ನಡುವೆ ಮಂಗಳೂರಿನವರೊಬ್ಬರು ಫೋಟೋ ನೋಡಿ ಒಳ್ಳೆಯ ರೇಟು ಹೇಳಿದ್ದಾರೆ. ನೂರು ವರ್ಷ ದಾಟಿದ ವಸ್ತು ಎಂದು ಗೊತ್ತಾದರೆ ಸರಕಾರ ಎತ್ತಿಕೊಂಡು ಹೋಗುತ್ತದೆ, ಯಾರಿಗೂ ಹೇಳಬೇಡಿ ಎಂದು ಅವರದ್ದೇ ಎಚ್ಚರಿಕೆ. ಕಾರ್ಬನ್ ಡೇಟಿಂಗ್ ಮಾಡಿಸಿದರೆ ವಯಸ್ಸು ತಿಳಿಯುತ್ತದೆಯೇ? ಅಂದ ಹಾಗೆ, ನಂದಿಯ ಬುಡದಲ್ಲಿ ಸ್ವಲ್ಪ ಹುಡಿ ಉದುರುತ್ತಿದೆ. ಪೇಂಟ್ ಹೊಡೆಸಿದರೆ ನಿಲ್ಲಬಹುದೇ?

ಉತ್ತರ: ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಹುಡಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹೊಳೆಯೋ ದಿಲ್ಲಿಯೋ ಎಂಬ ಚರ್ಚೆ ಇನ್ನೊಂದು ವರ್ಷ ನಡೆದರೂ ನಷ್ಟವಿಲ್ಲ. ಹುಳ ಅಷ್ಟು ದಿನ ಕಾಯುವುದಿಲ್ಲ.

ಮರದ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ಅದು ಗೆದ್ದಲು. ಗುಂಡುಸೂಜಿ ಗಾತ್ರದ ದುಂಡು ತೂತುಗಳಿಂದ ನಯವಾದ ಹುಡಿ ಬೀಳುತ್ತಿದ್ದರೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳ. ನೀವು ಬರೆದದ್ದನ್ನು ನೋಡಿದರೆ ಎರಡನೆಯದೇ ಇರಬೇಕು. ನಂದಿಯ ಬುಡಕ್ಕೆ ಒಂದು ಕಪ್ಪು ಕಾಗದ ಹಾಸಿ ವಾರ ಬಿಟ್ಟು ನೋಡಿ. ಹೊಸ ಹುಡಿ ಬಿದ್ದಿದ್ದರೆ ಹುಳ ಒಳಗೆ ಜೀವಂತ ಇದೆ. ಬೀಳದಿದ್ದರೆ ನೀವು ಕಂಡದ್ದು ಹಳೆಯ ತೂತಿನಲ್ಲಿ ಉಳಿದ ಹುಡಿಯೂ ಆಗಿರಬಹುದು. ನಮ್ಮ ಕಡೆ ಉರುಗಳಿಗೆ ಹಲಸನ್ನೇ ಹೆಚ್ಚಾಗಿ ಬಳಸುತ್ತಾರೆ. ಹಲಸಿನ ಒಳಗಿನ ಹಳದಿ ತಿರುಳನ್ನು ಹುಳ ಬೇಗ ಮುಟ್ಟುವುದಿಲ್ಲ, ಹೊರಗಿನ ಬಿಳಿ ಭಾಗವನ್ನು ಬಿಡುವುದೂ ಇಲ್ಲ. ಕೆತ್ತುವಾಗ ಬುಡದಲ್ಲಿ, ಬೆನ್ನಿನಲ್ಲಿ ಆ ಬಿಳಿ ಭಾಗ ಉಳಿದಿರುತ್ತದೆ, ಹಾನಿ ಅಲ್ಲಿಂದಲೇ ಶುರು.

ಪೇಂಟ್ ಹೊಡೆಸಬೇಡಿ. ಎನಾಮೆಲ್ ಬಣ್ಣ ತೂತನ್ನು ಮುಚ್ಚುತ್ತದೆ, ಒಳಗಿನ ಹುಳವನ್ನು ಕೊಲ್ಲುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜೂನ್‌ನಲ್ಲಿ ಮರ ನೀರು ಕುಡಿದು ಹಿಗ್ಗುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಕುಗ್ಗುತ್ತದೆ. ಆ ಹಿಗ್ಗು-ಕುಗ್ಗಿಗೆ ಹೊಂದಿಕೊಳ್ಳಲಾರದ ಗಟ್ಟಿ ಎನಾಮೆಲ್ ಪದರ ಬಿರಿದು ಏಳುತ್ತದೆ, ಏಳುವಾಗ ಕೆಳಗಿನ ಹಳೆಯ ಕೆಂಪು ಬಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ. ನಾನು ನೋಡಿದ ಮಟ್ಟಿಗೆ ಹಳೆಯ ಉರುಗಳಿಗೆ ಹುಳಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಭಕ್ತಿಯಿಂದ ಹೊಡೆಸಿದ ಪೇಂಟು. ಸೀಮೆಎಣ್ಣೆ, ಸೋಪಿನ ನೀರು, ತೆಂಗಿನೆಣ್ಣೆ ಕೂಡ ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಿನ ಪಕ್ಕಾಸಿಗೆ, ದೋಣಿಗೆ ಒಳ್ಳೆಯದೇ. ಬಣ್ಣ ಹಚ್ಚಿದ ಮೂರ್ತಿಗೆ ತಾಗಿದರೆ ಕಪ್ಪಾಗುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಸಂರಕ್ಷಣೆಯವರು ಹುಳ ಬಿದ್ದ ಮೂರ್ತಿಯನ್ನು ಗಾಳಿಯಾಡದ ವಿಶೇಷ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೀಲ್ ಮಾಡಿ, ಒಳಗಿನ ಆಮ್ಲಜನಕ ತೆಗೆದು, ಮೂರು ನಾಲ್ಕು ವಾರ ಇಡುತ್ತಾರೆ. ಮೊಟ್ಟೆಯಿಂದ ಹಿಡಿದು ಎಲ್ಲ ಸಾಯುತ್ತದೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜತೆ ಸೇರಿ, ಪರಂಪರೆಯ ರಕ್ಷಣೆಗೆಂದೇ ಇರುವ ಇಂಟ್ಯಾಕ್ ಸಂಸ್ಥೆ ನಡೆಸುವ ಕಲಾ ಸಂರಕ್ಷಣಾ ಕೇಂದ್ರ ಇದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಇವೆರಡರಲ್ಲಿ ಒಂದಕ್ಕೆ ಫೋಟೋ ಸಮೇತ ಬರೆಯಿರಿ. ಪೂಜೆಯಲ್ಲಿರುವ ಮೂರ್ತಿಯಾದ್ದರಿಂದ ಕದಲಿಸುವ ಮೊದಲು ತಂತ್ರಿಗಳನ್ನು ಕೇಳಿ.

ಇನ್ನು ಸರಕಾರ ಎತ್ತಿಕೊಂಡು ಹೋಗುತ್ತದೆ ಎಂಬ ಹೆದರಿಕೆ. ಕರಾವಳಿಯಲ್ಲಿ ಇದನ್ನು ಹಬ್ಬಿಸಿದವರು ಯಾರು, ಇದರಿಂದ ಲಾಭ ಯಾರಿಗೆ ಎಂದು ಒಮ್ಮೆ ಯೋಚಿಸಿ. ಯಾರಿಗೂ ಹೇಳಬೇಡಿ ಎಂದು ನಿಮಗೆ ಹೇಳಿದವರು ಕೊಳ್ಳಲು ಬಂದವರೇ ಅಲ್ಲವೇ? 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಕಲ್ಲು, ಲೋಹದವುಗಳ ಹಾಗೆ ಮರದ ಶಿಲ್ಪವನ್ನೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ನೋಂದಣಾಧಿಕಾರಿಯ ಬಳಿ ನೋಂದಾಯಿಸಬೇಕು. ನೋಂದಾಯಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ವಸ್ತು ನಿಮ್ಮಲ್ಲೇ ಇರುತ್ತದೆ. ಕೈ ಬದಲಾದರೆ ತಿಳಿಸಬೇಕು, ಅಷ್ಟೆ. ಪರಿಹಾರ ಕೊಟ್ಟು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಕೇಂದ್ರ ಸರಕಾರಕ್ಕೆ 19ನೇ ಕಲಮಿನಲ್ಲಿ ಇದೆ, ನಿಜ. ಅದೇ ಕಲಮು, ಧಾರ್ಮಿಕ ಆಚರಣೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ವಸ್ತುವಿನ ಮೇಲೆ ಈ ಅಧಿಕಾರ ಚಲಾಯಿಸುವಂತಿಲ್ಲ ಎಂದೂ ಹೇಳುತ್ತದೆ. ನಿಮ್ಮ ಪಂಜುರ್ಲಿಗೆ ಹೂ ನೀರು ನಡೆಯುತ್ತಿರುವವರೆಗೆ ಆ ಹೆದರಿಕೆ ಬೇಡ.

ಹೆದರಬೇಕಾದದ್ದು ಮಾರಾಟಕ್ಕೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಮೇಲೆ ದಂಡ. ಇದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಲೇಬೇಕು. ನಿಮಗೆ ರೇಟು ಹೇಳಿದವರ ಹತ್ತಿರ ಲೈಸೆನ್ಸಿನ ನಕಲು ಕೇಳಿ ನೋಡಿ, ಮತ್ತೆ ಅವರ ಫೋನು ಬರುತ್ತದೋ ಇಲ್ಲವೋ. ಅದಲ್ಲದೆ ಕುಟುಂಬದ ದೈವ ಒಬ್ಬರ ಸೊತ್ತಲ್ಲ. ಯಜಮಾನರು ಸಹಿ ಹಾಕಿದರೂ ನಾಳೆ ಒಂದು ಕವಲಿನವರು ಕೋರ್ಟಿಗೆ ಹೋದರೆ ಮಾರಿದ ದುಡ್ಡಿಗಿಂತ ಹೆಚ್ಚು ವಕೀಲರಿಗೆ ಖರ್ಚಾಗುತ್ತದೆ.

ಕಾರ್ಬನ್ ಡೇಟಿಂಗಿಗೆ ದುಡ್ಡು ಹಾಕಬೇಡಿ. ಸುಮಾರು 1650ರಿಂದ ಈಚಿನ ಮರಕ್ಕೆ ಆ ಪರೀಕ್ಷೆ ಸ್ಪಷ್ಟ ಉತ್ತರ ಕೊಡುವುದಿಲ್ಲ. ಹದಿನೇಳನೆಯ ಶತಮಾನವೂ ಇರಬಹುದು, ಇಪ್ಪತ್ತನೆಯದೂ ಇರಬಹುದು ಎಂಬಂಥ ಫಲಿತಾಂಶ ಬರುತ್ತದೆ. ಸಿಕ್ಕಿದರೂ ಅದು ಮರ ಬೆಳೆದ ಕಾಲ, ಕೆತ್ತಿದ ಕಾಲ ಅಲ್ಲ. ನಮ್ಮ ಮಳೆಯಲ್ಲಿ ಮರದ ಮೂರ್ತಿಗೆ ಸಾವಿರ ವರ್ಷ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕದ್ರಿಯ ಲೋಕೇಶ್ವರ ಕ್ರಿ.ಶ. 968ರಿಂದ ಉಳಿದಿದ್ದರೆ ಅದು ಕಂಚು, ಮೇಲಾಗಿ ಪೀಠದ ಮೇಲೆ ಆಳುಪರ ಕುಂದವರ್ಮನ ಶಾಸನ ಇರುವುದರಿಂದ ಇಸವಿ ನಮಗೆ ಗೊತ್ತು. ಮರದ ದೈವ ಹಳತಾದರೆ ಹೊಸದು ಮಾಡಿಸುವುದೇ ನಮ್ಮ ಕ್ರಮ. ಆದ್ದರಿಂದ ಮೂರ್ತಿಗಿಂತ ಅದರ ಪರಂಪರೆಗೇ ವಯಸ್ಸು ಹೆಚ್ಚು.

ಇನ್ನು ದಿಲ್ಲಿ. ನಿಮ್ಮ ಚಿಕ್ಕಪ್ಪನ ಮಗ ಹೇಳುವ ಸಂಗ್ರಹಾಲಯ ಪ್ರಗತಿ ಮೈದಾನದ ಬಳಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯ, ಜನ ಕ್ರಾಫ್ಟ್ಸ್ ಮ್ಯೂಸಿಯಂ ಅಂತಲೇ ಕರೆಯುವುದು. ಅದಕ್ಕೂ ನಮ್ಮೂರಿಗೂ ನೇರ ನಂಟು ಇದೆ. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದವರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು. ಆ ಮಂಡಳಿ 1950ರ ದಶಕದಲ್ಲಿ ಕೂಡಿಸತೊಡಗಿದ ವಸ್ತುಗಳೇ ಈ ಸಂಗ್ರಹಾಲಯದ ಬುಡ. ಅವುಗಳನ್ನು ಕೂಡಿಸಿದ್ದು ಹಳೆಯದು, ಅಪರೂಪದ್ದು ಎಂಬ ಕಾರಣಕ್ಕಲ್ಲ. ಮಿಲ್ಲಿನ ಬಟ್ಟೆ, ಕಾರ್ಖಾನೆಯ ಪಾತ್ರೆ ಬಂದ ಮೇಲೆ ನೇಕಾರರು, ಬಡಗಿಗಳು, ಕಮ್ಮಾರರು ತಮ್ಮದೇ ಅಜ್ಜಂದಿರ ಒಳ್ಳೆಯ ಮಾದರಿಗಳನ್ನು ನೋಡಲು ಸಿಗದೆ ಮರೆಯುತ್ತಿದ್ದರು. ಅವರು ಬಂದು ನೋಡಿ, ಅಳತೆ ತೆಗೆದುಕೊಂಡು, ಮತ್ತೆ ಮಾಡಲಿ ಎಂಬುದು ಉದ್ದೇಶ. ರಾಜರ ಸಂಗ್ರಹದಿಂದ ಬೆಳೆದ ಮ್ಯೂಸಿಯಮ್ಮುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಇಂದು ಅಲ್ಲಿ 30,000ಕ್ಕೂ ಹೆಚ್ಚು ವಸ್ತುಗಳಿವೆ. ಪಾಟನ್ನಿನ ಪಟೋಲ, ಬಂಗಾಳದ ಬಾಲುಚರಿ ಸೀರೆ, ಕಾಶ್ಮೀರದ ಶಾಲು, ಚಂಬಾದ ಕಸೂತಿ ರುಮಾಲು, ಬಸ್ತರಿನ ಎರಕದ ಮೂರ್ತಿಗಳು, ಗುಜರಾತಿನ ಹವೇಲಿಯ ಕೆತ್ತನೆ. ಈಗಿನ ಕಟ್ಟಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದ್ದು. ಹೊರಗಿನಿಂದ ದೊಡ್ಡದೇನೂ ಕಾಣಿಸದು. ತಗ್ಗಿನ ಹೆಂಚಿನ ಮಾಡು, ಒಂದರ ಹಿಂದೆ ಒಂದು ಅಂಗಳ. ಹಳ್ಳಿಯಿಂದ ದೇವಸ್ಥಾನಕ್ಕೆ, ಅಲ್ಲಿಂದ ಅರಮನೆಗೆ ನಡೆದು ಹೋಗುವ ದಾರಿಯ ಹಾಗೆ ಕಟ್ಟಿದ್ದಾರೆ. ಕರಾವಳಿಯವರಿಗೆ ಆ ಮಾಡಿನ ಕೆಳಗೆ ಬೇಗ ಒಗ್ಗುತ್ತದೆ.

ಅದರೊಳಗೆ ಮೆಕ್ಕೆಕಟ್ಟಿನ ಭೂತಗಳು, ಅಂದರೆ ದೈವಗಳ ಉರುಗಳು. ಸಾಲಾಗಿ ನಿಂತ ಕೆಂಪು ಮೈಯ ಆಳೆತ್ತರದ ಮೂರ್ತಿಗಳನ್ನು ನೋಡಲೆಂದೇ ಬೇರೆ ಊರಿನವರು, ಹೊರದೇಶದವರು ಅಲ್ಲಿಗೆ ಹೋಗುತ್ತಾರೆ. ಇಡೀ ಸಂಗ್ರಹದಲ್ಲಿ ಒಂದೇ ವಸ್ತುವನ್ನು ಆರಿಸು ಎಂದರೆ ನಾನು ಆ ಸಾಲಿನತ್ತಲೇ ಕೈ ತೋರಿಸುತ್ತೇನೆ. ಇದರಲ್ಲಿ ಊರಿನ ಅಭಿಮಾನ ಇಲ್ಲವೆಂದು ಹೇಳಲಾರೆ.

ಅವನ್ನು ಮೋಸದಿಂದ ಒಯ್ದರೇ? ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಜೀರ್ಣೋದ್ಧಾರ 1960ರ ದಶಕದಲ್ಲಿ ಆದಾಗ ಹಳೆಯ ಉರುಗಳ ಜಾಗದಲ್ಲಿ ಹೊಸದನ್ನು ಕೆತ್ತಿಸಿದರು. ಕೆಳಗಿಳಿಸಿದ ಹಳೆಯವುಗಳಲ್ಲಿ ಹಲವನ್ನು ಕಮಲಾದೇವಿಯವರ ಮಂಡಳಿ ಪಡೆಯಿತು. ಅಂದರೆ ಇಂದು ನಿಮ್ಮ ಮನೆ ನಿಂತಿರುವ ಜಾಗದಲ್ಲೇ ಅಂದು ಆ ಊರು ನಿಂತಿತ್ತು. ರಾತ್ರೋರಾತ್ರಿ ಕದ್ದ ವಿಗ್ರಹಕ್ಕೂ ಇದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸ. ಕದ್ದದ್ದನ್ನು ವಾಪಸ್ ಕೇಳಬಹುದು, ಬಿಟ್ಟುಕೊಟ್ಟದ್ದನ್ನು ಹಾಗೆ ಕೇಳಲಾಗದು. ದೈವ ಇರುವುದು ಇಂದು ಪೂಜೆಗೊಳ್ಳುವ ಹೊಸ ಉರುಗಳಲ್ಲಿ ಎಂದು ನಂಬುವವರಿಗೆ ಹಳೆಯದನ್ನು ತರಿಸುವ ಅಗತ್ಯವೂ ಕಾಣಿಸದು. ಅದು ಬೇಡ, ಹಳೆಯದು ನಮ್ಮೂರಲ್ಲೇ ಇರಬೇಕಿತ್ತು ಎನ್ನುವವರ ಸಂಕಟವೂ ಸುಳ್ಳಲ್ಲ. ಆದರೆ ಆ ಮೂರ್ತಿಗಳು ಮಂಡಳಿಯ ಕೈ ಸೇರದೆ ಇದ್ದಿದ್ದರೆ ಹೊಳೆಯನ್ನೋ ವ್ಯಾಪಾರಿಯ ಗೋದಾಮನ್ನೋ ಸೇರುತ್ತಿದ್ದವು ಎಂಬುದು ನನ್ನ ಅಂದಾಜು.

ಹಾಗಂತ ಕಣ್ಣು ಮುಚ್ಚಿ ದಿಲ್ಲಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ದೊಡ್ಡ ಸಂಗ್ರಹಾಲಯಗಳಲ್ಲಿ ಜನರ ಕಣ್ಣಿಗೆ ಬೀಳುವುದು ಸಣ್ಣ ಪಾಲು, ಉಳಿದದ್ದು ಉಗ್ರಾಣದಲ್ಲಿ. ಮೆಕ್ಕೆಕಟ್ಟಿನ ಅಷ್ಟು ದೊಡ್ಡ ಪರಿವಾರ ಈಗಾಗಲೇ ಇರುವಲ್ಲಿ ನಿಮ್ಮ ಐದಕ್ಕೆ ಗೋಡೆ ಬದಿಯ ಜಾಗ ಸಿಗುವುದೂ ಖಾತ್ರಿಯಿಲ್ಲ. ಇಲ್ಲಿಯ ತೇವದಲ್ಲಿ ಬಾಳಿದ ಹಲಸು ದಿಲ್ಲಿಯ ಒಣ ಸೆಕೆಗೆ ಒಮ್ಮೆಲೇ ಹೋದರೆ ಉದ್ದಕ್ಕೆ ಸೀಳುತ್ತದೆ. ನಿಧಾನವಾಗಿ ಒಗ್ಗಿಸಬೇಕು, ಅದನ್ನು ಮಾಡುತ್ತೇವೆಂದು ಅವರು ಬರೆದು ಕೊಡಬೇಕು. ಸ್ವಲ್ಪ ಕಾಲಕ್ಕೆ ಕೊಡುತ್ತೇವೆ, ಬೇಕಾದಾಗ ತರುತ್ತೇವೆ ಎಂಬ ಬಾಯಿಮಾತಂತೂ ಸಲ್ಲದು. ದಿಲ್ಲಿಯ ನ್ಯಾಷನಲ್ ಮ್ಯೂಸಿಯಂ ಹುಟ್ಟಿದ ಕಥೆ ನೆನಪಿರಲಿ. 1947-48ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ಬೇರೆ ಬೇರೆ ಸಂಗ್ರಹಾಲಯಗಳಿಂದ ಅದಕ್ಕೆ ಕಳಿಸಿದ್ದ ವಸ್ತುಗಳು ಮರಳಿದಾಗ ದಿಲ್ಲಿಯಲ್ಲೂ ಒಮ್ಮೆ ತೋರಿಸೋಣ ಎಂದರು. ಈಗ ರಾಷ್ಟ್ರಪತಿ ಭವನವೆನ್ನುವ ಕಟ್ಟಡದಲ್ಲಿ ಇಟ್ಟ ಆ ಪ್ರದರ್ಶನವೇ 1949ರ ಆಗಸ್ಟ್ 15ರಂದು ರಾಷ್ಟ್ರೀಯ ಸಂಗ್ರಹಾಲಯವಾಯಿತು. ಜನಪಥದ ಸ್ವಂತ ಕಟ್ಟಡ ತೆರೆದದ್ದು 1960ರಲ್ಲಿ. ದೇಶಕ್ಕೆ ಅದರಿಂದ ಒಳ್ಳೆಯದೇ ಆಯಿತು, 10.5 ಸೆಂಟಿಮೀಟರ್ ಎತ್ತರದ ಮೊಹೆಂಜೊದಾರೊ ನರ್ತಕಿಯನ್ನು ನಾವು ನೋಡುವುದು ಅಲ್ಲೇ. ಆದರೆ ಪ್ರದರ್ಶನಕ್ಕೆಂದು ಹೊರಟ ವಸ್ತು ಮನೆಗೆ ಮರಳದೆ ಇರುವುದು ಹೀಗೆಯೇ, ಯಾರೂ ಕೆಟ್ಟವರಾಗದೆಯೂ.

ಹೊಳೆಗೆ ಬಿಡುವ ಮಾತು. ದೊಡ್ಡಪ್ಪನವರನ್ನು ಹಳೆಯ ಕಾಲದವರು ಎಂದು ಬದಿಗೆ ಸರಿಸಬೇಡಿ. ಸಂಕೋಚ (ಮೂರ್ತಿಯಿಂದ ದೈವದ ಸಾನ್ನಿಧ್ಯವನ್ನು ಹಿಂತೆಗೆಯುವ ವಿಧಿ) ಮಾಡಿ, ಅದನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯಕ್ಕೆ ಕಳಿಸಿ, ಜೀರ್ಣವಾದದ್ದನ್ನು ನೀರಿಗೆ ಬಿಡುವುದು ಕ್ರಮವೇ. ಸಂಪೂರ್ಣ ಪುಡಿಯಾದ, ಆಕಾರವೇ ಉಳಿಯದ ಮರಕ್ಕೆ ಅದು ಸರಿಯಾದ ಗತಿಯೂ ಹೌದು. ನನ್ನ ತಕರಾರು ಇಷ್ಟೇ: ನೀರಿಗೆ ಬಿಟ್ಟದ್ದನ್ನು ನಾಳೆ ಮನಸ್ಸು ಬದಲಾಯಿತೆಂದು ತರಲಾಗದು. ಇನ್ನೊಂದು, ಈಗಿನ ಕಾಲದಲ್ಲಿ ರಾತ್ರಿ ಸೀತಾನದಿಗೆ ಬಿಟ್ಟ ಮೂರ್ತಿ ಬೆಳಗ್ಗೆ ಯಾರದೋ ಪಿಕಪ್ಪಿನಲ್ಲಿ ಇರಬಹುದು. ಸಾನ್ನಿಧ್ಯ ಕಳಚಿದ ಮೇಲೆ ಉಳಿದ ಮರವನ್ನು ಇಟ್ಟುಕೊಳ್ಳಬಹುದೇ ಎಂಬುದನ್ನು ನಾನು ಹೇಳುವುದಲ್ಲ. ತಂತ್ರಿಗಳು ಹೇಳಬೇಕು, ಇಲ್ಲವೇ ದೈವ ಮೈದುಂಬಿ ನುಡಿಯುವ ಕೋಲದ ದಿನ ಅದರ ಮುಂದೆಯೇ ಕೇಳಬೇಕು. ನೀವು ಕೇಳದೆಯೇ ಬೇಡ ಅಂತಾರೆ ಎಂದು ಊಹಿಸಬೇಡಿ. ಇಟ್ಟುಕೊಳ್ಳಿ ಎಂಬ ಉತ್ತರ ಬಂದದ್ದನ್ನು ನಾನು ಕೇಳಿದ್ದೇನೆ.

ಹಾಗೆ ಬಂದರೆ, ನನ್ನ ಸಲಹೆ ಹಳೆಯದನ್ನು ದೈವಸ್ಥಾನದ ಪಕ್ಕದಲ್ಲೇ ಇಡುವುದು. ಅದಕ್ಕೆ ಏಸಿ ಕೋಣೆ ಬೇಡ. ಹಗಲು ಹಾಕಿ ರಾತ್ರಿ ಆರಿಸುವ ಏಸಿಯಿಂದ ಮರ ದಿನವೂ ಹಿಗ್ಗಿ ಕುಗ್ಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹೆಂಚಿನ ಮಾಡು, ಗಾಳಿ ಆಡುವ ಜಾಲಿ, ನೆಲದಿಂದ ಒಂದಡಿ ಎತ್ತರದ ಕಟ್ಟೆ, ಗೋಡೆಯಿಂದ ಒಂದು ಗೇಣು ದೂರ. ಅಷ್ಟು ಸಾಕು. ಜೀರ್ಣೋದ್ಧಾರದ ಹುಮ್ಮಸ್ಸಿನಲ್ಲಿ ಈಗ ಎಲ್ಲ ಕಡೆ ಸ್ಲ್ಯಾಬ್ ಹಾಕಿ, ಟೈಲ್ಸ್ ಹಾಸಿ, ಕಿಟಕಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ಆ ಟೈಲ್ಸ್ ಮೇಲೆ ನೀರು ಬೆವರುವುದನ್ನು ನೀವೂ ಕಂಡಿರಬಹುದು. ಹೊಸ ಉರುಗಳೂ ಅಲ್ಲೇ ಕೂರಬೇಕು, ನೆನಪಿರಲಿ. ಇದ್ದಲ್ಲೇ ಕಾಪಾಡಬಹುದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋಗಿ ಬನ್ನಿ. ಇಟಲಿಯ ಆಂಟೋನಿಯೊ ಮೊಶೇನಿ 1899ರಿಂದ 1901ರವರೆಗೆ ಗೋಡೆ, ಮಾಡು ತುಂಬ ಬರೆದ ಚಿತ್ರಗಳು ನಮ್ಮ ತೇವಕ್ಕೆ ಹಾಳಾಗತೊಡಗಿದ್ದವು. 1990ರ ದಶಕದಲ್ಲಿ ಇಂಟ್ಯಾಕ್‌ನವರು ಅಲ್ಲೇ ಇದ್ದು ಸರಿಪಡಿಸಿದರು. ಪ್ರಾರ್ಥನೆಯೂ ಅಲ್ಲೇ ನಡೆಯುತ್ತಿದೆ.

ಕಾವಲು ಇಡಲು ಆಗದು, ಕಳ್ಳರ ಭಯ ಎಂದಾದರೆ ಹತ್ತಿರದ ಸಂಗ್ರಹಾಲಯ ಕೇಳಿ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ, ಧರ್ಮಸ್ಥಳದ ಮಂಜೂಷಾ, ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಸರಕಾರಿ ಸಂಗ್ರಹಾಲಯ ಇವೆ. ದಾನಕ್ಕಿಂತ ಕಾಲಮಿತಿಯ ಕರಾರು ಮೇಲು. ಯಾವಾಗ ನವೀಕರಿಸಬೇಕು, ವರ್ಷಕ್ಕೊಮ್ಮೆ ಕುಟುಂಬದವರು ಬಂದು ನೋಡಬಹುದೇ, ಹೂ ಇಡಬಹುದೇ, ಫಲಕದಲ್ಲಿ ಏನು ಬರೆಯಬೇಕು, ಬಣ್ಣ ಮುಟ್ಟುವ ಮೊದಲು ಯಾರನ್ನು ಕೇಳಬೇಕು, ಎಲ್ಲವೂ ಅದರಲ್ಲಿ ಇರಲಿ.

ಫಲಕದ ಮಾತು ಸಣ್ಣದಲ್ಲ. ಮ್ಯೂಸಿಯಮ್ಮಿಗೆ ಹೋದ ದೈವಗಳ ವಿಷಯದಲ್ಲಿ ನನಗೆ ನಿಜವಾಗಿ ನೋಯುವುದು ಊರು ಬಿಟ್ಟದ್ದಲ್ಲ, ಹೆಸರಿಲ್ಲದೆ ಹೋದದ್ದು. ಭೂತದ ಮೂರ್ತಿ, ಕರ್ನಾಟಕ, ಮರ: ಇಷ್ಟು ಬರೆದ ಚೀಟಿಯೊಂದಿಗೆ ಎಷ್ಟೋ ಉರುಗಳು ದೇಶದ, ಹೊರದೇಶದ ಕಪಾಟುಗಳಲ್ಲಿವೆ. ಯಾವ ಮನೆಯದು, ಯಾರ ಬಲಕ್ಕೆ ನಿಲ್ಲುತ್ತಿತ್ತು, ತುಳುವಿನ ಹಾಡುಗತೆಯಾದ ಪಾಡ್ದನದಲ್ಲಿ ಅದರ ಕಥೆ ಏನು, ಯಾವ ತಿಂಗಳು ಕೋಲ ಎಂಬುದೆಲ್ಲ ಕೊಟ್ಟವರ ಬಾಯಲ್ಲಿತ್ತು, ಕೇಳಿ ಬರೆದುಕೊಂಡವರಿಲ್ಲ. ಆದ್ದರಿಂದ ಹೊಳೆ, ದಿಲ್ಲಿ, ಮಣಿಪಾಲ, ಯಾವುದನ್ನೇ ಆರಿಸಿ, ಅದಕ್ಕೆ ಮುಂಚೆ ದಾಖಲೆ ಆಗಬೇಕು. ಅಲಂಕಾರ ತೆಗೆದ ಮೇಲೆ ನಾಲ್ಕೂ ಬದಿಯಿಂದ, ತಲೆಯ ಮೇಲಿನಿಂದ, ಬುಡದಿಂದ ಹಗಲು ಬೆಳಕಿನಲ್ಲಿ ಫೋಟೋ. ಪಕ್ಕದಲ್ಲಿ ಅಳತೆಪಟ್ಟಿ. ಬಿರುಕು, ಮುಕ್ಕಾದ ಬೆರಳು, ಹಳೆಯ ದುರಸ್ತಿಯ ಗುರುತು ಹತ್ತಿರದಿಂದ. ಒಳಗೆ ಯಾವುದು ಎಲ್ಲಿ ಕೂತಿದೆ ಎಂಬ ನಕ್ಷೆ. ದೊಡ್ಡಪ್ಪನವರನ್ನು, ದರ್ಶನ ಬರುವ ಪಾತ್ರಿಯನ್ನು, ಕೋಲ ಕಟ್ಟುವವರನ್ನು ಕೂರಿಸಿ ಮೊಬೈಲಿನಲ್ಲಿ ಅವರ ಮಾತು. ಹೊಸದು ಕೆತ್ತುವ ಆಚಾರ್ರು ಹಳೆಯದರ ಅಳತೆ ತೆಗೆದಿದ್ದರೆ ಆ ಕಾಗದದ ನಕಲು.

ಇದು ಕಳ್ಳತನಕ್ಕೂ ಮದ್ದು. ತಮಿಳುನಾಡಿನ ಶ್ರೀಪುರಂದನ್ ದೇವಸ್ಥಾನದ ಚೋಳರ ಕಾಲದ ನಟರಾಜನನ್ನು ಕದ್ದು ಸಾಗಿಸಿ, ನ್ಯೂಯಾರ್ಕಿನ ವ್ಯಾಪಾರಿಯೊಬ್ಬ 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿಗೆ 50 ಲಕ್ಷ ಡಾಲರಿಗೆ ಮಾರಿದ್ದ. ಖೊಟ್ಟಿ ಕಾಗದಪತ್ರಗಳೂ ಇದ್ದವು. ಆ ಮೂರ್ತಿ ದೇವಸ್ಥಾನದಲ್ಲಿದ್ದಾಗ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ತೆಗೆದಿಟ್ಟ ಫೋಟೋ ಅದನ್ನು ಗುರುತಿಸಲು ನೆರವಾಯಿತು, 2014ರಲ್ಲಿ ಅದು ಭಾರತಕ್ಕೆ ಮರಳಿತು. ಅಷ್ಟು ದೊಡ್ಡ ಮೂರ್ತಿಗೇ ಫೋಟೋ ಬೇಕಾಯಿತು ಎಂದರೆ ನಮ್ಮ ಗದ್ದೆ ಬದಿಯ ದೈವಸ್ಥಾನಗಳ ಪಾಡು ಕೇಳುವುದೇ ಬೇಡ.

ಈಗ ಮಾಡಬೇಕಾದದ್ದಿಷ್ಟು: ನಂದಿಗೆ ಕಪ್ಪು ಕಾಗದ ಇವತ್ತೇ. ದಾಖಲೆ ಈ ಮಳೆಗೆ ಮುಂಚೆ. ಕುಟುಂಬದ ಸಭೆ ಅದಾದ ಮೇಲೆ, ಫೋಟೋಗಳನ್ನು ಎಲ್ಲರ ಮುಂದೆ ಹರಡಿಕೊಂಡು. ಸಭೆಯ ತೀರ್ಮಾನ ಬರೆದು ಎಲ್ಲ ಕವಲಿನವರ ಸಹಿ ಹಾಕಿಸಿ. ಮಂಗಳೂರಿನವರು ಅಡ್ವಾನ್ಸ್ ಎಂದು ಏನಾದರೂ ಕೊಟ್ಟಿದ್ದರೆ ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ, ರಶೀದಿ ಇಟ್ಟುಕೊಳ್ಳಿ. ಅವರಿಗೆ ಕಳಿಸಿದ ಫೋಟೋ ಯಾವುದು, ಎಂದು ಎಂಬುದನ್ನೂ ದಾಖಲೆಯ ಕಡತಕ್ಕೇ ಸೇರಿಸಿ. ದೈವಸ್ಥಾನದ ಬಾಗಿಲಿಗೆ ಹೊಸ ಬೀಗ ಹಾಕಿ.